ಸಿಗರೇಟು ಬಿಟ್ಟ ಮೇಲೂ ಕ್ಯಾನ್ಸರ್ ಬಂದರೆ, ಬಿಟ್ಟು ಏನು ಪ್ರಯೋಜನ? ಡಾ. ಎವರ್ಟ್ಸ್ ಗ್ರಹಾಂ ಬದುಕಿನಲ್ಲಿದೆ ಉತ್ತರ

ಬೀಡಿ, ಸಿಗರೇಟಿನ ಬಗ್ಗೆ ಫೋನಿಂದ ಫೋನಿಗೆ ಓಡಾಡುವ ಮಾತುಗಳಲ್ಲಿ ಮೂರು ಬಹಳ ಹಳೆಯವು. ನಮ್ಮಜ್ಜ ಕೊನೆಯವರೆಗೂ ಬೀಡಿ ಸೇದಿಕೊಂಡೇ ಗಟ್ಟಿಮುಟ್ಟಾಗಿದ್ದರು ಎನ್ನುವುದು ಮೊದಲನೆಯದು. ಕ್ಯಾನ್ಸರ್ ಜೀನ್‌ನಲ್ಲಿದ್ದರೆ ಬಂದೇ ಬರುತ್ತದೆ, ಇಲ್ಲದಿದ್ದರೆ ಏನು ಮಾಡಿದರೂ ಬರುವುದಿಲ್ಲ ಎನ್ನುವುದು ಎರಡನೆಯದು. ಮೂರನೆಯದು ಎಲ್ಲಕ್ಕಿಂತ ಅಪಾಯಕಾರಿ. ವರ್ಷಗಟ್ಟಲೆ ಸೇದಿದವರು ದಿಢೀರನೆ ಬಿಟ್ಟರೆ ದೇಹಕ್ಕೆ ಒಗ್ಗುವುದಿಲ್ಲ, ಬಿಟ್ಟವರಿಗೇ ಕ್ಯಾನ್ಸರ್ ಬರುತ್ತದೆ, ಆದ್ದರಿಂದ ಹೇಗಿದ್ದೀರೋ ಹಾಗೇ ಇರಿ ಎಂದು ಅದು ಹೇಳುತ್ತದೆ.

ಈ ಮೂರೂ ಮಾತುಗಳನ್ನು ಒಬ್ಬ ಮನುಷ್ಯನ ಬದುಕಿನ ಮೂಲಕ ಪರೀಕ್ಷಿಸಬಹುದು. ಅವರು ಅಮೆರಿಕದ ಡಾ. ಎವರ್ಟ್ಸ್ ಗ್ರಹಾಂ. ಕ್ಯಾನ್ಸರ್ ಬಂದ ಒಂದು ಇಡೀ ಶ್ವಾಸಕೋಶವನ್ನು ಒಂದೇ ಬಾರಿಗೆ ತೆಗೆದು ರೋಗಿಯನ್ನು ಬದುಕಿಸಿದ ಮೊದಲ ಶಸ್ತ್ರಚಿಕಿತ್ಸಕ. ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರ್‌ಗೂ ಸಂಬಂಧವಿದೆ ಎಂಬ ಮಾತನ್ನು ಮೊದಲು ಗೇಲಿ ಮಾಡಿದವರು, ಆಮೇಲೆ ಆ ಸಂಬಂಧವನ್ನು ಜಗತ್ತಿಗೆ ತೋರಿಸಿಕೊಟ್ಟವರು. ಸಿಗರೇಟು ಬಿಟ್ಟು ಐದು ವರ್ಷ ಕಳೆದ ಮೇಲೆ ಅದೇ ಕ್ಯಾನ್ಸರ್‌ಗೆ ಬಲಿಯಾದವರು.

ಹಾಗಾದರೆ ಮೂರನೇ ಮಾತು ನಿಜವೇ? ಅಲ್ಲ. ಏಕೆ ಅಲ್ಲ ಎಂಬುದು ಗ್ರಹಾಂ ಅವರಿಗೂ ಪೂರ್ತಿ ಗೊತ್ತಿರಲಿಲ್ಲ. ಅದಕ್ಕೆ ಬೇಕಾದ ಜೀನ್‌ಗಳ ಲೆಕ್ಕ ಸಿಕ್ಕಿದ್ದು ಅವರು ತೀರಿಕೊಂಡ ಎಷ್ಟೋ ವರ್ಷಗಳ ನಂತರ.

ವೈದ್ಯರ ಮನೆಯ ಹುಡುಗ

ಎವರ್ಟ್ಸ್ ಆ್ಯಂಬ್ರೋಸ್ ಗ್ರಹಾಂ ಹುಟ್ಟಿದ್ದು 1883ರ ಮಾರ್ಚ್ 19ರಂದು, ಶಿಕಾಗೋ ನಗರದಲ್ಲಿ. ತಂದೆಯೂ ಶಸ್ತ್ರಚಿಕಿತ್ಸಕರೇ. ಪ್ರಿನ್ಸ್‌ಟನ್‌ನಲ್ಲಿ ಪದವಿ ಓದಿ, 1907ರಲ್ಲಿ ಶಿಕಾಗೋದ ರಶ್ ಮೆಡಿಕಲ್ ಕಾಲೇಜಿನಲ್ಲಿ ವೈದ್ಯ ಪದವಿ ಪಡೆದರು. ಡಾಕ್ಟರಾದ ಮೇಲೂ ಓದು ನಿಲ್ಲಿಸದೆ ರಸಾಯನಶಾಸ್ತ್ರ ಕಲಿಯಲು ಹೋದರು. ಅವರು ಮದುವೆಯಾದ ಹೆಲೆನ್ ಟ್ರೆಡ್‌ವೇ ಕೂಡ ರಸಾಯನಶಾಸ್ತ್ರ ಓದಿದವರು, ಮುಂದೆ ಔಷಧ ವಿಜ್ಞಾನದ ಪ್ರಾಧ್ಯಾಪಕಿಯಾದವರು. ರೋಗಿಯನ್ನು ಕಳಿಸಿಕೊಟ್ಟ ವೈದ್ಯರಿಗೆ ಶಸ್ತ್ರಚಿಕಿತ್ಸಕರು ಗುಟ್ಟಾಗಿ ಕಮಿಷನ್ ಕೊಡುವ ಪದ್ಧತಿ ಆಗ ಅಲ್ಲಿ ಸಾಮಾನ್ಯವಾಗಿತ್ತು. ಗ್ರಹಾಂ ಅದನ್ನು ಕಡೆಯವರೆಗೂ ವಿರೋಧಿಸಿದರು.

ಅವರಿಗೆ ಹೆಸರು ತಂದದ್ದು ಮೊದಲ ಮಹಾಯುದ್ಧ. 1918ರಲ್ಲಿ ಸೇನಾ ಶಿಬಿರಗಳಲ್ಲಿ ನ್ಯುಮೋನಿಯಾ ಹಬ್ಬಿ, ಸೈನಿಕರ ಎದೆಗೂಡಿನಲ್ಲಿ ಕೀವು ತುಂಬಿಕೊಳ್ಳುತ್ತಿತ್ತು. ಕೀವು ಕಂಡ ಕೂಡಲೇ ಎದೆ ತೆರೆದು ಹೊರಹಾಕುವುದು ಅಂದಿನ ರೂಢಿ. ಹಾಗೆ ಮಾಡಿಸಿಕೊಂಡ ಅನೇಕರು ಸಾಯುತ್ತಿದ್ದರು. ಇದರ ತನಿಖೆಗೆ ಸೇನೆ ನೇಮಿಸಿದ ಆಯೋಗದಲ್ಲಿ ಗ್ರಹಾಂ ಇದ್ದರು. ಕಾಯಿಲೆ ಉಲ್ಬಣದಲ್ಲಿರುವಾಗಲೇ ಎದೆ ತೆರೆದರೆ ಒಂದು ಕಡೆಯ ಗಾಳಿಯ ಒತ್ತಡ ಬದಲಾಗಿ ಎರಡೂ ಶ್ವಾಸಕೋಶಗಳಿಗೆ ತೊಂದರೆಯಾಗುತ್ತದೆ, ಸ್ವಲ್ಪ ಕಾಯಬೇಕು ಎಂದು ಅವರು ಪ್ರಯೋಗಗಳಿಂದ ತೋರಿಸಿದರು. ರೂಢಿ ಬದಲಾಯಿತು, ಸಾವುಗಳು ಇಳಿದವು. ಎಲ್ಲರೂ ಮಾಡುತ್ತಾರೆ ಎಂಬ ಒಂದೇ ಕಾರಣಕ್ಕೆ ಯಾವುದನ್ನೂ ನಂಬದೆ ಲೆಕ್ಕ ಕೇಳುವ ಅವರ ಗುಣ ಇಲ್ಲಿಯೇ ಕಾಣುತ್ತದೆ.

1919ರಲ್ಲಿ ಸೇಂಟ್ ಲೂಯಿ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥರಾದರು. 1924ರಲ್ಲಿ ವಾರನ್ ಕೋಲ್ ಎಂಬ ಕಿರಿಯ ವೈದ್ಯರ ಜೊತೆ ಸೇರಿ, ಪಿತ್ತಕೋಶ ಎಕ್ಸ್‌ರೇಯಲ್ಲಿ ಕಾಣುವಂತೆ ಮಾಡುವ ವಿಧಾನವನ್ನು ಪ್ರಕಟಿಸಿದರು. ಅಲ್ಟ್ರಾಸೌಂಡ್ ಬರುವವರೆಗೂ ಜಗತ್ತಿನ ಆಸ್ಪತ್ರೆಗಳು ಪಿತ್ತಕೋಶದ ಕಲ್ಲು ಹುಡುಕಲು ಬಳಸಿದ್ದು ಇದರಿಂದ ಬೆಳೆದ ವಿಧಾನಗಳನ್ನೇ.

1933ರ ಏಪ್ರಿಲ್ 5

ಅಂದು ಬಾರ್ನ್ಸ್ ಆಸ್ಪತ್ರೆಯಲ್ಲಿ ಆಪರೇಷನ್ ಮೇಜಿನ ಮೇಲೆ ಮಲಗಿದ್ದವರು ಪಿಟ್ಸ್‌ಬರ್ಗ್‌ನ 48 ವರ್ಷದ ಹೆರಿಗೆ ವೈದ್ಯರು. ಅವರ ಎಡ ಶ್ವಾಸಕೋಶದಲ್ಲಿ ಕ್ಯಾನ್ಸರ್ ಗಡ್ಡೆಯಿತ್ತು. ಗಡ್ಡೆಯಿರುವ ಭಾಗವನ್ನಷ್ಟೇ ತೆಗೆಯುವುದು ಗ್ರಹಾಂ ಅವರ ಯೋಜನೆ. ಎದೆ ತೆರೆದು ನೋಡಿದಾಗ ಅದು ಸಾಲದು ಎಂದು ಗೊತ್ತಾಯಿತು. ಕ್ಯಾನ್ಸರ್‌ಗಾಗಿ ಇಡೀ ಶ್ವಾಸಕೋಶವನ್ನು ಒಂದೇ ಬಾರಿಗೆ ತೆಗೆಸಿಕೊಂಡು ಬದುಕಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಗ್ರಹಾಂ ತೆಗೆದರು. ಖಾಲಿಯಾದ ಜಾಗ ಕುಗ್ಗಲೆಂದು ಹಲವು ಪಕ್ಕೆಲುಬುಗಳನ್ನೂ ತೆಗೆದರು.

ರೋಗಿ ಚೇತರಿಸಿಕೊಂಡು ಮತ್ತೆ ವೈದ್ಯ ವೃತ್ತಿಗೆ ಮರಳಿದರು. ಒಂದೇ ಶ್ವಾಸಕೋಶದಲ್ಲಿ ಸುಮಾರು 30 ವರ್ಷ ಬದುಕಿ 1963ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಅವರನ್ನು ಬದುಕಿಸಿದ ಗ್ರಹಾಂ ತೀರಿಕೊಂಡು ಆರು ವರ್ಷವಾಗಿತ್ತು.

ಕಾಲುಚೀಲದ ವಾದ

20ನೇ ಶತಮಾನದ ಆರಂಭದಲ್ಲಿ ಶ್ವಾಸಕೋಶದ ಕ್ಯಾನ್ಸರ್ ಎಷ್ಟು ಅಪರೂಪವಾಗಿತ್ತು ಎಂದರೆ, 1919ರಲ್ಲಿ ಅದೇ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಈ ರೋಗದಿಂದ ಸತ್ತ ಒಬ್ಬರ ಶವಪರೀಕ್ಷೆ ನೋಡಲು ವಿದ್ಯಾರ್ಥಿಗಳನ್ನು ವಿಶೇಷವಾಗಿ ಕರೆಸಲಾಗಿತ್ತು. ಇಂಥದ್ದು ಮತ್ತೆ ನೋಡಲು ಸಿಗಲಾರದು ಎಂದು ಅವರಿಗೆ ತಿಳಿಸಲಾಗಿತ್ತು. ಆ ವಿದ್ಯಾರ್ಥಿಗಳಲ್ಲಿ ಆಲ್ಟನ್ ಆಕ್ಸ್‌ನರ್ ಒಬ್ಬರು. 1930ರ ದಶಕದಲ್ಲಿ, ಶಸ್ತ್ರಚಿಕಿತ್ಸಕರಾಗಿದ್ದ ಆಕ್ಸ್‌ನರ್ ಬಳಿ ಇದೇ ಕಾಯಿಲೆಯ ರೋಗಿಗಳು ಒಬ್ಬರ ಹಿಂದೆ ಒಬ್ಬರು ಬರತೊಡಗಿದರು. ಎಲ್ಲರೂ ಸಿಗರೇಟು ಸೇದುವವರು. ಕಾರಣ ಸಿಗರೇಟೇ ಎಂದು ಅವರು ಬಹಿರಂಗವಾಗಿ ಹೇಳತೊಡಗಿದರು.

ಗ್ರಹಾಂ ಒಪ್ಪಲಿಲ್ಲ. ಸ್ವತಃ ವಿಪರೀತ ಸಿಗರೇಟು ಸೇದುತ್ತಿದ್ದವರು ಅವರು. ಸಿಗರೇಟಿನ ಮಾರಾಟ ಹೆಚ್ಚಿದಂತೆ ಕ್ಯಾನ್ಸರ್ ಹೆಚ್ಚಿದೆ ನಿಜ, ಆದರೆ ಹೆಂಗಸರ ನೈಲಾನ್ ಕಾಲುಚೀಲದ ಮಾರಾಟವೂ ಹಾಗೆಯೇ ಹೆಚ್ಚಿದೆಯಲ್ಲ ಎಂದು ಹಾಸ್ಯ ಮಾಡಿದರು.

ಈ ವಾದ ಅರ್ಧ ಸರಿ ಎಂಬುದನ್ನು ನಾವು ಗಮನಿಸಬೇಕು. ಎರಡು ಸಂಗತಿಗಳು ಒಟ್ಟಿಗೆ ಹೆಚ್ಚಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ. ನಮ್ಮ ಕೈಗೆ ಬರುವ ಎಷ್ಟೋ ಫಾರ್ವರ್ಡ್‌ಗಳು ಎಡವುವುದು ಇಲ್ಲೇ. ಆದರೆ ಅನುಮಾನ ಬಂದ ಮೇಲೆ ಅಲ್ಲಿಗೇ ಕೈಬಿಡುವುದು ತಪ್ಪು, ಪರೀಕ್ಷಿಸಿ ನೋಡಬೇಕು. ಗ್ರಹಾಂ ಮುಂದೆ ಮಾಡಿದ್ದು ಅದನ್ನೇ.

684 ರೋಗಿಗಳು

1940ರ ದಶಕದ ಕೊನೆಯಲ್ಲಿ ಅರ್ನ್‌ಸ್ಟ್ ವಿಂಡರ್ ಎಂಬ ವೈದ್ಯ ವಿದ್ಯಾರ್ಥಿ ಗ್ರಹಾಂ ಬಳಿ ಬಂದರು. ನಾಜಿ ಆಡಳಿತದಿಂದ ತಪ್ಪಿಸಿಕೊಂಡು ಜರ್ಮನಿಯಿಂದ ಅಮೆರಿಕಕ್ಕೆ ಬಂದ ಕುಟುಂಬದ ಹುಡುಗ. ಶ್ವಾಸಕೋಶದ ಕ್ಯಾನ್ಸರ್ ರೋಗಿಗಳನ್ನೂ ಬೇರೆ ರೋಗಿಗಳನ್ನೂ ಸಂದರ್ಶಿಸಿ, ಇಬ್ಬರ ಸಿಗರೇಟಿನ ಲೆಕ್ಕ ಹೋಲಿಸಬೇಕೆಂಬುದು ಅವರ ಆಸೆ. ಫಲ ಸಿಗುತ್ತದೆ ಎಂದು ಗ್ರಹಾಂ ಅವರಿಗೆ ಅನಿಸಿರಲಿಲ್ಲ, ಆದರೂ ತಮ್ಮ ರೋಗಿಗಳ ಬಳಿ ಹೋಗಲು ಬಿಟ್ಟರು, ಕೆಲಸದಲ್ಲಿ ಕೈಜೋಡಿಸಿದರು.

1950ರ ಮೇ ತಿಂಗಳಲ್ಲಿ ಅಮೆರಿಕದ ವೈದ್ಯರ ಸಂಘದ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಒಟ್ಟು 684 ರೋಗಿಗಳ ಲೆಕ್ಕ. ಅದರಲ್ಲಿ 605 ಗಂಡಸರಿಗೆ ಅಡೆನೊಕಾರ್ಸಿನೋಮಾ ಎಂಬ ಬಗೆಯನ್ನು ಬಿಟ್ಟು ಬೇರೆ ಬಗೆಯ ಶ್ವಾಸಕೋಶದ ಕ್ಯಾನ್ಸರ್ ಇತ್ತು. ಅವರಲ್ಲಿ ಶೇ 96.5ರಷ್ಟು ಜನ ಅನೇಕ ವರ್ಷಗಳಿಂದ ಸಾಕಷ್ಟು ಸೇದುತ್ತಿದ್ದವರು. ಕ್ಯಾನ್ಸರ್ ಇಲ್ಲದೆ ಆಸ್ಪತ್ರೆಗೆ ಬಂದ ಗಂಡಸರಲ್ಲಿ ಈ ಪ್ರಮಾಣ ಶೇ 73.7 ಮಾತ್ರ. ಆ ಕಾಲದಲ್ಲಿ ಹೆಚ್ಚಿನ ಗಂಡಸರು ಸೇದುತ್ತಿದ್ದರು. ಹಾಗಾಗಿ ಸುತ್ತಮುತ್ತ ಕಣ್ಣಾಡಿಸಿದರೆ ವ್ಯತ್ಯಾಸ ಕಾಣುತ್ತಿರಲಿಲ್ಲ. ಹೋಲಿಸಿ ಎಣಿಸಿದಾಗಲೇ ಕಂಡಿದ್ದು. ಅದೇ ವರ್ಷ ಬ್ರಿಟನ್ನಿನಲ್ಲಿ ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಪ್ರತ್ಯೇಕವಾಗಿ ನಡೆಸಿದ ಅಧ್ಯಯನವೂ ಇದನ್ನೇ ಹೇಳಿತು.

ಗ್ರಹಾಂ ಮನಸ್ಸು ಬದಲಾಯಿಸಿಕೊಂಡರು. ಕೆಲಕಾಲದಲ್ಲೇ ಸಿಗರೇಟನ್ನೂ ಬಿಟ್ಟರು. 1953ರಲ್ಲಿ ವಿಂಡರ್ ಮತ್ತು ಅಡೆಲ್ ಕ್ರೋನಿಂಗರ್ ಜೊತೆ ಇನ್ನೊಂದು ಪ್ರಯೋಗ ಪ್ರಕಟಿಸಿದರು. ಸಿಗರೇಟು ಹೊಗೆಯಿಂದ ತೆಗೆದ ಟಾರನ್ನು ಇಲಿಗಳ ಬೆನ್ನಿಗೆ ತಿಂಗಳುಗಟ್ಟಲೆ ಹಚ್ಚಿದಾಗ ಶೇ 44ರಷ್ಟು ಇಲಿಗಳಲ್ಲಿ ಚರ್ಮದ ಕ್ಯಾನ್ಸರ್ ಕಂಡಿತು. ಆ ಡಿಸೆಂಬರ್‌ನಲ್ಲಿ ಸಿಗರೇಟು ಕಂಪನಿಗಳ ಮುಖ್ಯಸ್ಥರು ನ್ಯೂಯಾರ್ಕ್‌ನ ಹೋಟೆಲೊಂದರಲ್ಲಿ ಸೇರಿದರು. 1954ರ ಜನವರಿ 4ರಂದು 400ಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಇಡೀ ಪುಟದ ಜಾಹೀರಾತು ಬಂತು. ಇನ್ನೂ ಏನೂ ಖಚಿತವಿಲ್ಲ, ನಾವೇ ಸಂಶೋಧನೆಗೆ ಹಣ ಕೊಡುತ್ತೇವೆ ಎಂಬುದು ಅದರ ಸಾರ. ಜನರಲ್ಲಿ ಅನುಮಾನ ಉಳಿಸುವುದಕ್ಕೆಂದೇ ಹಣ ಕೊಟ್ಟು ಹಂಚಿದ ಸಂದೇಶ ಅದು.

ಬಿಟ್ಟು ಐದು ವರ್ಷದ ಮೇಲೆ

1957ರ ಆರಂಭದಲ್ಲಿ ಗ್ರಹಾಂ ಅವರಿಗೆ ಆರೋಗ್ಯ ಕೆಟ್ಟಿತು. ಎಕ್ಸ್‌ರೇ ತೆಗೆದಾಗ ಎರಡೂ ಶ್ವಾಸಕೋಶಗಳಲ್ಲಿ ಕ್ಯಾನ್ಸರ್. ಒಂದು ಶ್ವಾಸಕೋಶ ತೆಗೆದರೆ ಮನುಷ್ಯ ಬದುಕಬಲ್ಲ ಎಂದು ಜಗತ್ತಿಗೆ ತೋರಿಸಿದವರಿಗೆ, ಎರಡೂ ಕಡೆ ರೋಗವಿದ್ದುದರಿಂದ, ಆ ಆಪರೇಷನ್ ಮಾಡುವಂತಿರಲಿಲ್ಲ. ಫೆಬ್ರುವರಿಯಲ್ಲಿ ಅವರು ಪತ್ರ ಬರೆದದ್ದು ಯಾರ ಮಾತನ್ನು ಒಮ್ಮೆ ಗೇಲಿ ಮಾಡಿದ್ದರೋ ಆ ಆಕ್ಸ್‌ನರ್ ಅವರಿಗೆ. ತಾನು ಸಿಗರೇಟು ಬಿಟ್ಟು ಐದು ವರ್ಷ ದಾಟಿದೆ, ತೊಂದರೆಯೆಂದರೆ ಅದಕ್ಕೆ ಮೊದಲು ಐವತ್ತು ವರ್ಷ ಸೇದಿದ್ದು ಎಂದು ಅದರಲ್ಲಿ ತಿಳಿಸಿದ್ದರು. 1957ರ ಮಾರ್ಚ್ 4ರಂದು, 74ನೇ ಹುಟ್ಟುಹಬ್ಬಕ್ಕೆ ಎರಡು ವಾರ ಇರುವಾಗ, ತೀರಿಕೊಂಡರು.

ಮೂರನೇ ಫಾರ್ವರ್ಡ್ ಇಂಥ ಸಾವನ್ನೇ ಹಿಡಿದುಕೊಂಡು ಬಿಟ್ಟಿದ್ದರಿಂದಲೇ ಬಂತು ಎನ್ನುತ್ತದೆ. ಗ್ರಹಾಂ ಹೇಳಿದ್ದು ಅದಕ್ಕೆ ತದ್ವಿರುದ್ಧ. ಐದು ವರ್ಷಕ್ಕಿಂತ ಐವತ್ತು ವರ್ಷ ದೊಡ್ಡದು ಎಂಬುದು ಅವರ ಲೆಕ್ಕ. ಆ ಲೆಕ್ಕ ದೇಹದೊಳಗೆ ಹೇಗೆ ನಡೆಯುತ್ತದೆ ಎಂದು ಈಗ ನೋಡೋಣ.

ಅಡುಗೆ ಪುಸ್ತಕದ ಯಾವ ಪುಟ ತೆರೆದಿದೆ?

ನಮ್ಮ ಒಂದೊಂದು ಜೀವಕೋಶದಲ್ಲೂ ಸುಮಾರು 20,000 ಅಡುಗೆಗಳ ಒಂದು ಪುಸ್ತಕವಿದೆ ಎಂದುಕೊಳ್ಳಿ. ಒಂದೊಂದು ಅಡುಗೆ ಒಂದೊಂದು ಜೀನ್. ಕಣ್ಣಿನ ಕೋಶದಲ್ಲೂ ಶ್ವಾಸಕೋಶದ ಕೋಶದಲ್ಲೂ ಪುಸ್ತಕ ಒಂದೇ. ಯಾವ ಪುಟ ತೆರೆದಿದೆ, ಆ ಅಡುಗೆ ಎಷ್ಟು ಬಾರಿ ತಯಾರಾಗುತ್ತಿದೆ ಎಂಬುದಷ್ಟೇ ಬೇರೆ. ಇದಕ್ಕೆ ವಿಜ್ಞಾನಿಗಳು ಜೀನ್ ಅಭಿವ್ಯಕ್ತಿ ಎನ್ನುತ್ತಾರೆ. ಪುಸ್ತಕದ ಅಕ್ಷರವೇ ತಪ್ಪಾಗುವುದು ಬೇರೆ, ಅದು ಮ್ಯುಟೇಶನ್.

ತಂಬಾಕಿನ ಹೊಗೆ ಎರಡನ್ನೂ ಕೆಡಿಸುತ್ತದೆ. ಮೊದಲು ಅಕ್ಷರ. ಹೊಗೆಯಲ್ಲಿರುವ ಬೆಂಜೊಪೈರೀನ್ ಎಂಬ ವಸ್ತು ದೇಹದಲ್ಲಿ ಮಾರ್ಪಟ್ಟು ಟಿಪಿ53 ಎಂಬ ಜೀನ್‌ಗೆ ಅಂಟಿಕೊಳ್ಳುತ್ತದೆ ಎಂದು 1996ರಲ್ಲಿ ಗೊತ್ತಾಯಿತು. ಕೆಟ್ಟುಹೋದ ಕೋಶ ಬೆಳೆಯದಂತೆ ತಡೆಯುವ ಕಾವಲುಗಾರ ಈ ಜೀನ್. ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಟಿಪಿ53 ಹೆಚ್ಚಾಗಿ ಯಾವ ಜಾಗಗಳಲ್ಲಿ ಕೆಟ್ಟಿರುತ್ತದೋ, ಆ ವಸ್ತು ಅಂಟಿದ್ದೂ ಅದೇ ಜಾಗಗಳಿಗೆ. ದಿನಕ್ಕೊಂದು ಪ್ಯಾಕ್ ಸೇದುವವರ ಶ್ವಾಸಕೋಶದ ಪ್ರತಿ ಕೋಶದಲ್ಲಿ ವರ್ಷಕ್ಕೆ ಸರಾಸರಿ 150 ಹೊಸ ಮ್ಯುಟೇಶನ್ ಸೇರುತ್ತವೆ ಎಂದು 2016ರ ಅಧ್ಯಯನವೊಂದು ಅಂದಾಜಿಸಿತು. ವರ್ಷಗಟ್ಟಲೆ ಸೇದಿದಂತೆ ಈ ತಪ್ಪುಗಳು ಗುಡ್ಡೆಯಾಗುತ್ತ ಹೋಗುತ್ತವೆ. ಬಿಟ್ಟ ದಿನದಿಂದ ಹೊಗೆಯಿಂದ ಹೊಸ ತಪ್ಪು ಸೇರುವುದು ನಿಲ್ಲುತ್ತದೆ, ಆದರೆ ಹಳೆಯ ತಪ್ಪು ಅಳಿಸಿಹೋಗುವುದಿಲ್ಲ.

ಎರಡನೆಯದು ಪುಟಗಳ ಕಥೆ. 2004ರಲ್ಲಿ ಬಾಸ್ಟನ್‌ನ ಸಂಶೋಧಕರು ಸೇದುವವರು, ಬಿಟ್ಟವರು, ಎಂದೂ ಸೇದದವರು ಹೀಗೆ ಮೂರು ಗುಂಪಿನವರ ಶ್ವಾಸನಾಳದಿಂದ ಕೋಶಗಳನ್ನು ತೆಗೆದು, ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಎಂದು ಅಳೆದರು. ಬಿಟ್ಟು ಎರಡು ವರ್ಷ ದಾಟಿದವರಲ್ಲಿ, ಹೊಗೆಯಿಂದ ಬದಲಾಗಿದ್ದ ಅನೇಕ ಜೀನ್‌ಗಳು ಎಂದೂ ಸೇದದವರ ಮಟ್ಟಕ್ಕೆ ಹತ್ತಿರ ಬಂದಿದ್ದವು. ಕೆಲವು ಜೀನ್‌ಗಳು ಮಾತ್ರ ವರ್ಷಗಳು ಕಳೆದರೂ ಮೊದಲಿನಂತಾಗಿರಲಿಲ್ಲ. ಕ್ಯಾನ್ಸರ್ ಬೆಳೆಸಬಲ್ಲ, ಕ್ಯಾನ್ಸರ್ ತಡೆಯಬಲ್ಲ ಜೀನ್‌ಗಳೂ ಆ ಗುಂಪಿನಲ್ಲಿದ್ದವು.

ಗ್ರಹಾಂ ಅವರಂತೆ ಬಿಟ್ಟು ವರ್ಷಗಳಾದ ಮೇಲೆ ಕ್ಯಾನ್ಸರ್ ಬರುವುದು ಹೇಗೆ ಎಂಬುದಕ್ಕೆ ಉತ್ತರ ಇಲ್ಲಿದೆ. ಬಿಡುವುದರಿಂದ ಬಹಳಷ್ಟು ರಿಪೇರಿಯಾಗುತ್ತದೆ, ಎಲ್ಲವೂ ಆಗುವುದಿಲ್ಲ. ಆದ್ದರಿಂದ ಎಷ್ಟು ಬೇಗ ಬಿಡುತ್ತೇವೋ ಅಷ್ಟು ಲಾಭ. 2020ರಲ್ಲಿ ಬ್ರಿಟನ್ನಿನ ಸಂಶೋಧಕರು ಇನ್ನೊಂದು ಒಳ್ಳೆಯ ಸುದ್ದಿ ಕೊಟ್ಟರು. ಹಾನಿಯಿಂದ ಪಾರಾದ, ಹೆಚ್ಚುಕಡಿಮೆ ಆರೋಗ್ಯವಂತ ಕೋಶಗಳು ಸೇದುವವರಿಗಿಂತ ಬಿಟ್ಟವರ ಶ್ವಾಸನಾಳದಲ್ಲಿ ನಾಲ್ಕು ಪಟ್ಟು ಹೆಚ್ಚಿದ್ದವು. ಬಿಟ್ಟ ಮೇಲೆ ಒಳ್ಳೆಯ ಕೋಶಗಳು ಮತ್ತೆ ಜಾಗ ಹಿಡಿಯುತ್ತವೆ ಎಂಬುದಕ್ಕೆ ಇದು ಸೂಚನೆ.

ಒಂದೇ ಹೆಸರು, ಹಲವು ಕಾಯಿಲೆ

1950ರ ಅಧ್ಯಯನದಲ್ಲಿ ಅಡೆನೊಕಾರ್ಸಿನೋಮಾವನ್ನು ಪ್ರತ್ಯೇಕವಾಗಿ ಇಟ್ಟದ್ದು ನೆನಪಿದೆಯೇ? ಶ್ವಾಸಕೋಶದ ಕ್ಯಾನ್ಸರ್ ಒಂದೇ ರೋಗವಲ್ಲ ಎಂಬುದು ಆಗಲೇ ಸೂಕ್ಷ್ಮದರ್ಶಕದಲ್ಲಿ ಕಂಡಿತ್ತು. ಯಾವ ಜೀನ್ ಕೆಲಸ ಮಾಡುತ್ತಿದೆ ಎಂಬುದರ ಮೇಲೆ ರೋಗಿಗೆ ಕಾಣುವ ಲಕ್ಷಣಗಳೂ ಬದಲಾಗುತ್ತವೆ ಎಂದು ಈಗ ನಮಗೆ ಗೊತ್ತು.

ಗ್ರಹಾಂ ಬದುಕಿಸಿದ ರೋಗಿಗೆ ಇದ್ದದ್ದು ಸ್ಕ್ವಾಮಸ್ ಬಗೆ. ಇದು ಹೆಚ್ಚಾಗಿ ದೊಡ್ಡ ಶ್ವಾಸನಾಳಗಳಲ್ಲಿ ಹುಟ್ಟುತ್ತದೆ, ಹಾಗಾಗಿ ಕೆಮ್ಮು, ಕಫದಲ್ಲಿ ರಕ್ತ ಕಾಣಿಸಿಕೊಳ್ಳುತ್ತದೆ. ಅಡೆನೊಕಾರ್ಸಿನೋಮಾ ಸಾಮಾನ್ಯವಾಗಿ ಶ್ವಾಸಕೋಶದ ಅಂಚಿನಲ್ಲಿ ಸದ್ದಿಲ್ಲದೆ ಬೆಳೆಯುತ್ತದೆ. ಎಂದೂ ಸೇದದವರಲ್ಲಿ ಬರುವ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಿನ ಪಾಲು ಈ ಬಗೆಯದು. ಸ್ಮಾಲ್ ಸೆಲ್ ಎಂಬ ಬಗೆ ಬಹುತೇಕ ಸೇದುವವರಲ್ಲೇ ಬರುತ್ತದೆ, ಬಹಳ ಬೇಗ ಹರಡುತ್ತದೆ. ಅದರ ಕೋಶಗಳು ಶ್ವಾಸಕೋಶಕ್ಕೆ ಸಂಬಂಧವಿಲ್ಲದ ಹಾರ್ಮೋನ್ ಪುಟಗಳನ್ನು ತೆರೆದುಬಿಡುವುದುಂಟು. ಆಗ ರಕ್ತದಲ್ಲಿ ಸೋಡಿಯಂ ಕುಸಿದು, ರೋಗಿ ಗೊಂದಲ, ಸುಸ್ತು ಎಂದು ಆಸ್ಪತ್ರೆಗೆ ಬರಬಹುದು. ಕಾಯಿಲೆ ಮಾತ್ರ ಎದೆಯಲ್ಲಿರುತ್ತದೆ.

2001ರಲ್ಲಿ ಅಮೆರಿಕದ ಸಂಶೋಧಕರು 186 ಶ್ವಾಸಕೋಶದ ಗಡ್ಡೆಗಳಲ್ಲಿ ಸಾವಿರಾರು ಜೀನ್‌ಗಳ ಅಭಿವ್ಯಕ್ತಿಯನ್ನು ಅಳೆದರು. ಸೂಕ್ಷ್ಮದರ್ಶಕದಲ್ಲಿ ಒಂದೇ ಎನಿಸಿದ್ದ ಅಡೆನೊಕಾರ್ಸಿನೋಮಾದೊಳಗೇ ಹಲವು ಉಪಗುಂಪುಗಳು ಕಂಡವು. ನರಕೋಶಗಳಿಗೂ ಹಾರ್ಮೋನ್‌ಗಳಿಗೂ ಸಂಬಂಧಿಸಿದ ಜೀನ್‌ಗಳು ಕೆಲಸ ಮಾಡುತ್ತಿದ್ದ ಗುಂಪಿನ ರೋಗಿಗಳ ಗತಿ ಕೆಟ್ಟದಾಗಿತ್ತು. ಗಾಳಿಗೂಡಿನ ಸಹಜ ಕೋಶದ ಜೀನ್‌ಗಳನ್ನು ಇನ್ನೂ ಉಳಿಸಿಕೊಂಡಿದ್ದ ಗುಂಪಿನವರು ಹೆಚ್ಚು ಚೆನ್ನಾಗಿದ್ದರು.

ಇದು ಪ್ರಯೋಗಾಲಯದಲ್ಲೇ ಉಳಿದ ಮಾತಲ್ಲ. ಮನೆಯವರ ಬಯಾಪ್ಸಿ ವರದಿಯಲ್ಲಿ ಟಿಟಿಎಫ್-1, ಪಿ40, ಪಿಡಿ-ಎಲ್1 ಎಂಬ ಪದಗಳು ಕಂಡರೆ ಅವು ಯಾವ ಜೀನ್‌ನ ಪ್ರೋಟೀನ್ ಗಡ್ಡೆಯಲ್ಲಿದೆ ಎಂಬ ಲೆಕ್ಕಗಳು. ಮೊದಲೆರಡು ಕ್ಯಾನ್ಸರ್‌ನ ಬಗೆ ಗುರುತಿಸಲು, ಮೂರನೆಯದು ಇಮ್ಯುನೊಥೆರಪಿ ನಿರ್ಧಾರಕ್ಕೆ ನೆರವಾಗುತ್ತದೆ. ಇಜಿಎಫ್‌ಆರ್, ಎಎಲ್‌ಕೆ ಪರೀಕ್ಷೆಗಳು ಜೀನ್‌ನಲ್ಲೇ ಆದ ಬದಲಾವಣೆ ಹುಡುಕುತ್ತವೆ. ಅದು ಸಿಕ್ಕರೆ ಅದಕ್ಕೆಂದೇ ಇರುವ ಮಾತ್ರೆಗಳಿವೆ. ಹಾಗಾಗಿ ವೈದ್ಯರು ಈ ಪರೀಕ್ಷೆ ಹೇಳಿದರೆ ಸುಮ್ಮನೆ ಖರ್ಚು ಎಂದುಕೊಳ್ಳಬೇಡಿ.

ಹಾಗಾದರೆ ಆ ಮೂರು ಮಾತು?

ಅಜ್ಜನ ಮಾತು: ಸೇದಿದ ಎಲ್ಲರಿಗೂ ಶ್ವಾಸಕೋಶದ ಕ್ಯಾನ್ಸರ್ ಬರುವುದಿಲ್ಲ, ನಿಜ. ಆದರೆ ಬಿಡದೆ ಸೇದುವವರಲ್ಲಿ ಅರ್ಧದಷ್ಟು ಜನರ ಸಾವಿಗೆ ತಂಬಾಕೇ ಕಾರಣವಾಗುತ್ತದೆ. ಬದುಕಿ ಉಳಿದ ಅಜ್ಜ ಕಣ್ಣಿಗೆ ಕಾಣುತ್ತಾರೆ, ಬೇಗ ಹೋದವರ ಲೆಕ್ಕ ಯಾರೂ ಇಡುವುದಿಲ್ಲ. ಗ್ರಹಾಂ ಮನಸ್ಸು ಬದಲಾದದ್ದು 684 ಜನರ ಲೆಕ್ಕ ನೋಡಿ, ಒಬ್ಬ ಅಜ್ಜನನ್ನು ನೋಡಿ ಅಲ್ಲ.

ಜೀನ್ ಮಾತು: ಕ್ಯಾನ್ಸರ್ ಜೀನ್‌ಗಳ ಕಾಯಿಲೆ ಹೌದು. ಆದರೆ ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಬಹುಪಾಲು ಬದಲಾವಣೆಗಳು ಅಪ್ಪ ಅಮ್ಮನಿಂದ ಬಂದವಲ್ಲ, ಹುಟ್ಟಿದ ಮೇಲೆ ಆದವು. ತಂಬಾಕು ಅದಕ್ಕೆ ಅತಿ ದೊಡ್ಡ ಕಾರಣ. ಪಕ್ಕದವರ ಹೊಗೆ, ವಾಯುಮಾಲಿನ್ಯ, ಒಲೆಯ ಹೊಗೆ ಕೂಡ ಕಾರಣಗಳೇ. ಹಾಗಾಗಿ ಎಂದೂ ಸೇದದವರೂ ಲಕ್ಷಣಗಳನ್ನು ಕಡೆಗಣಿಸಬಾರದು.

ಬಿಟ್ಟರೆ ಬರುತ್ತದೆ ಎಂಬ ಮಾತು: ಇದು ಸುಳ್ಳು. ಎಷ್ಟೋ ಜನ ಸಿಗರೇಟು ಬಿಡುವುದೇ ಕೆಮ್ಮು, ಸುಸ್ತು, ತೂಕ ಇಳಿಕೆ ಶುರುವಾದ ಮೇಲೆ. ರೋಗ ಆಗಲೇ ಒಳಗಿರುತ್ತದೆ, ಬಿಟ್ಟ ಮೇಲೆ ಗೊತ್ತಾಗುತ್ತದೆ, ಅಷ್ಟೇ. ಬಿಟ್ಟು ಸುಮಾರು ಹತ್ತು ವರ್ಷವಾಗುವ ಹೊತ್ತಿಗೆ ಶ್ವಾಸಕೋಶದ ಕ್ಯಾನ್ಸರ್‌ನ ಅಪಾಯ ಬಿಡದವರಿಗೆ ಹೋಲಿಸಿದರೆ ಅರ್ಧಕ್ಕೆ ಇಳಿಯುತ್ತದೆ. ಬ್ರಿಟನ್ನಿನ ವೈದ್ಯರನ್ನು 50 ವರ್ಷ ಹಿಂಬಾಲಿಸಿದ ಡಾಲ್ ತಂಡದ ಲೆಕ್ಕದಂತೆ, 60ರಲ್ಲಿ ಬಿಟ್ಟವರಿಗೆ ಸುಮಾರು 3 ವರ್ಷ, 50ರಲ್ಲಿ ಬಿಟ್ಟವರಿಗೆ 6, 40ರಲ್ಲಿ ಬಿಟ್ಟವರಿಗೆ 9, 30ರಲ್ಲಿ ಬಿಟ್ಟವರಿಗೆ 10 ವರ್ಷ ಆಯುಷ್ಯ ಉಳಿಯುತ್ತದೆ. ಗ್ರಹಾಂ ಬಿಟ್ಟದ್ದು 68ರ ಆಸುಪಾಸಿನಲ್ಲಿ.

ನಮ್ಮಲ್ಲಿ ಸಿಗರೇಟಿಗಿಂತ ಬೀಡಿ ಹೆಚ್ಚು. 2016-17ರ ರಾಷ್ಟ್ರೀಯ ಸಮೀಕ್ಷೆಯಂತೆ ಭಾರತದ ವಯಸ್ಕರಲ್ಲಿ ಶೇ 7.7ರಷ್ಟು ಜನ ಬೀಡಿ, ಶೇ 4ರಷ್ಟು ಜನ ಸಿಗರೇಟು ಸೇದುತ್ತಾರೆ. ಎಲೆಯಲ್ಲಿ ಸುತ್ತಿದ್ದು ಎಂಬ ಕಾರಣಕ್ಕೆ ಬೀಡಿ ಸೌಮ್ಯವಲ್ಲ, ಅದರ ಹೊಗೆಯೂ ಕ್ಯಾನ್ಸರ್ ತರುತ್ತದೆ. ಕೆಮ್ಮು ಎರಡು ಮೂರು ವಾರ ನಿಲ್ಲದಿದ್ದರೆ, ಕಫದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ ವೈದ್ಯರನ್ನು ನೋಡಿ. ನಮ್ಮಲ್ಲಿ ಇದನ್ನು ಕ್ಷಯ ಎಂದುಕೊಂಡು ತಿಂಗಳುಗಟ್ಟಲೆ ಕಾಲ ಕಳೆಯುವುದುಂಟು. ಕ್ಷಯದ ಮಾತ್ರೆಯಿಂದ ಗುಣ ಕಾಣದಿದ್ದರೆ ಮತ್ತೆ ತಪಾಸಣೆ ಮಾಡಿಸಿ.

ಬಿಡಲು ಸಹಾಯ ಬೇಕಾದವರು ಸರ್ಕಾರದ ಉಚಿತ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಬಹುದು. ಬಿಟ್ಟವರಿಗೇ ಕ್ಯಾನ್ಸರ್ ಬರುತ್ತದೆ ಎಂಬ ಸಂದೇಶ ಮುಂದಿನ ಸಲ ನಿಮ್ಮ ಗುಂಪಿಗೆ ಬಂದರೆ, ಅದನ್ನು ಹಂಚಬೇಡಿ. ಅದರ ಬದಲು ಈ ಸಂಖ್ಯೆಯನ್ನು ಹಂಚಿ.